ಲಸಿಕೆಗೂ ವಿಳಾಸ ಕೇಳಬೇಕೆ?

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರ್ ಹಿಂದೆ ಕೂತು ‘ನಾಳೆ ಬನ್ನಿ’ ಅಂದವನು ನಾನು. ಆ ಮಾತನ್ನು ಈಚೆ ನಿಂತು ಕೇಳಿಸಿಕೊಂಡರೆ ಹೇಗಿರುತ್ತೆ ಅಂತ ಗೊತ್ತಾದದ್ದು ನಿವೃತ್ತನಾಗಿ ಘಣಸೋಲಿಯ ಮಗನ ಮನೆ ಸೇರಿದ ಮೇಲೆ.

ನಮ್ಮ ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುವ ಹೆಂಗಸೊಬ್ಬಳು ಸಿಂದಗಿ ಕಡೆಯವಳು. ನನ್ನ ಕನ್ನಡ ಕಿವಿಗೆ ಬಿದ್ದದ್ದೇ ತಡ, ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ‘ಊರಾಗ ಎರಡು ಸಲ ಸೂಜಿ ಹಾಕಿಸೇನ್ರಿ ಸಾಹೇಬ್ರ. ಕಾರ್ಡು ಅಲ್ಲೇ ಉಳದೈತಿ. ಕಾರ್ಡಿಲ್ಲಂದ್ರ ಊರಿಗೇ ಹೋಗು ಅಂತಾರ್ರಿ.’ ಒಂದು ಲಸಿಕೆ ಕೇಂದ್ರಕ್ಕೆ ಎರಡು ಸಲ ಅಲೆದಿದ್ದಳು. ಎರಡು ದಿನದ ಕೂಲಿ ಹೋಗಿತ್ತು. ಮೂರನೆಯ ಸಲ ನಾನೂ ಹೋದೆ, ಮರಾಠಿಯಲ್ಲಿ ಸ್ವಲ್ಪ ದನಿ ಏರಿಸಿದೆ. ಹತ್ತು ನಿಮಿಷದಲ್ಲಿ ಕೆಲಸ ಆಯಿತು. ಅಂದರೆ ಅಲ್ಲಿ ಲಸಿಕೆಗೇನೂ ಬರ ಇರಲಿಲ್ಲ!

ಇಂಥ ತಾಯಂದಿರನ್ನು ‘ತಿಳಿವಳಿಕೆ ಇಲ್ಲದವರು’ ಅಂದುಬಿಡುವುದು ನಮಗೆ ಸುಲಭ. ತಿಳಿವಳಿಕೆ ಇಲ್ಲದ್ದು ಯಾರಿಗೆ ಸ್ವಾಮಿ? ಕಾರ್ಡ್ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಡೋಸ್ ತಪ್ಪಿದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ದಡಾರ-ರುಬೆಲ್ಲಾ ಲಸಿಕೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ತಪ್ಪಿದರೆ 5 ವರ್ಷದವರೆಗೂ ಕೊಡಬಹುದು. ಇದೆಲ್ಲ 1985ರಲ್ಲಿ ಶುರುವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ಪುಕ್ಕಟೆ.

ತಪ್ಪಿದರೆ ಏನಾಗುತ್ತೆ? 2022ರ ಕೊನೆಗೆ, ವಾಶಿ ಸೇತುವೆ ದಾಟಿದರೆ ಸಿಗುವ ಗೋವಂಡಿಯಲ್ಲಿ ದಡಾರ ಹಬ್ಬಿತು. ಮಕ್ಕಳು ಸತ್ತವು. ಆಮೇಲೆ ಕೇಂದ್ರದ ತಂಡ ಬಂತು, ಮನೆಮನೆ ಸಮೀಕ್ಷೆ ನಡೆಯಿತು, ಹೆಚ್ಚುವರಿ ಡೋಸ್ ಬಂತು. ಮೊದಲೇ ಬಂದಿದ್ದರೆ ಆಗುತ್ತಿರಲಿಲ್ಲವೆ?

‘ಇವರು ಇವತ್ತು ಇಲ್ಲಿ, ನಾಳೆ ಎಲ್ಲೋ, ಎಲ್ಲಿ ಅಂತ ಹುಡುಕೋದು?’ ಅನ್ನುವವರಿದ್ದಾರೆ. ಪೋಲಿಯೊ ಹನಿ ಹಾಕುವಾಗ ಹುಡುಕಲಿಲ್ಲವೆ? ಇಟ್ಟಿಗೆ ಭಟ್ಟಿ, ರೈಲು ನಿಲ್ದಾಣ, ಕಟ್ಟಡದ ಕೆಲಸದ ಜಾಗ, ಎಲ್ಲ ಕಡೆ ಹೋದರು. ಯಾರ ವಿಳಾಸವನ್ನೂ ಕೇಳಲಿಲ್ಲ. 2011ರ ಜನವರಿ 13ರ ಪ್ರಕರಣವೇ ದೇಶದಲ್ಲಿ ಕಾಡು ಪೋಲಿಯೊದ ಕೊನೆಯದಾಯಿತು.

ಸಿಂದಗಿಯಲ್ಲಿ ತೆರೆದ ಖಾತೆಯ ದುಡ್ಡನ್ನು ಘಣಸೋಲಿಯಲ್ಲಿ ತೆಗೆಯುವ ಹಾಗೆ ನಾವು ಬ್ಯಾಂಕಿನವರು ಎಂದೋ ಮಾಡಿದೆವು. ಮಗುವಿನ ಲಸಿಕೆ ಲೆಕ್ಕಕ್ಕೆ ಅಂಥ ವ್ಯವಸ್ಥೆ, ಯು-ವಿನ್, ದೇಶಕ್ಕೆಲ್ಲ ಬಂದದ್ದು 2024ರಲ್ಲಿ. ತಡವಾದರೂ ಒಳ್ಳೆಯದೇ. ಆದರೆ ಅದು ಮೊಬೈಲ್ ನಂಬರಿಗೆ ಅಂಟಿಕೊಂಡಿದೆ. ಆ ಮೊಬೈಲ್ ಇರುವುದು ಗಂಡನ ಜೇಬಿನಲ್ಲಿ, ನಂಬರು ಬದಲಾಗುತ್ತಲೇ ಇರುತ್ತೆ. ಕಂಪ್ಯೂಟರ್ ಬಂತು ಅಂತ ಮನುಷ್ಯ ಕೈಕಟ್ಟಿ ಕೂರಬಾರದು. ಕೂಲಿಗೆ ರಜೆ ಇರುವ ದಿನ, ಕೆಲಸದ ಜಾಗಕ್ಕೇ ಲಸಿಕೆ ಪೆಟ್ಟಿಗೆ ಬರಬೇಕು.

ಊರಲ್ಲಿರುವ ಓದುಗರೇ, ನಿಮ್ಮ ಓಣಿಯಿಂದ ಯಾರಾದರೂ ಮುಂಬಯಿ ಬಸ್ಸು ಹತ್ತುವಾಗ ರೊಟ್ಟಿ ಬುತ್ತಿಯ ಜೊತೆ ತಾಯಿ ಕಾರ್ಡನ್ನೂ ಕಟ್ಟಿಕೊಡಿ. ಇಲ್ಲಿನ ಕನ್ನಡ ಸಂಘದವರೇ, ರಾಜ್ಯೋತ್ಸವದ ಶಾಮಿಯಾನ ಆಮೇಲೆ ಹಾಕೋಣ. ಮೊದಲು ಆ ಕೌಂಟರಿನ ಮುಂದೆ ನಿಂತು ಕನ್ನಡದಲ್ಲಿ ಕೇಳಿಸಿಕೊಂಡು ಮರಾಠಿಯಲ್ಲಿ ಹೇಳುವವರೊಬ್ಬರು ಬೇಕು. ನಾನಂತೂ ಹೋಗುತ್ತಿದ್ದೇನೆ. ‘ನಾಳೆ ಬನ್ನಿ’ ಅಂದದ್ದಕ್ಕೆ ಪ್ರಾಯಶ್ಚಿತ್ತ ಅಂತಲೇ ಇಟ್ಟುಕೊಳ್ಳಿ.