ಬೆರಳಿನ ತಪ್ಪಲ್ಲ

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂದಿನಿಂದ ಹಳೆಯ ಟಚ್‌ಸ್ಕ್ರೀನ್ ಯಂತ್ರಗಳಿಗೆ ಲಿನಕ್ಸ್ ಹಾಕಿ ಮರುಜೀವ ಕೊಡುವ ಮಾತು ನಮ್ಮ ನಡುವೆ ಹೆಚ್ಚಾಗಿದೆ. ಡೊಂಬಿವಲಿ, ಕಲ್ಯಾಣಗಳ ನಡುವಿನ ಠಾಕುರ್ಲಿಯಲ್ಲಿ ಕನ್ನಡ ಪುಸ್ತಕ ಸುಲಭವಾಗಿ ಕೈಗೆ ಸಿಗುವುದಿಲ್ಲ. ಅಂಥ ಯಂತ್ರವನ್ನು ಪುಟದಂತೆ ಉದ್ದಕ್ಕೆ ನಿಲ್ಲಿಸಿದರೆ ಮನೆಯ ಹಿರಿಯರಿಗೆ ಅದೊಂದು ಗ್ರಂಥಾಲಯವೇ ಸರಿ.

ತೊಡಕು ಹುಟ್ಟುವುದು ಅಲ್ಲಿಯೇ. ಚಿತ್ರವನ್ನು ತೋರುವ ಪರದೆ ಒಂದು ಸಾಧನ, ಸ್ಪರ್ಶವನ್ನು ಅರಿಯುವ ಪದರ ಇನ್ನೊಂದು. ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಎಕ್ಸ್‌ರ‍್ಯಾಂಡರ್ ಚಿತ್ರವನ್ನಷ್ಟೇ ತಿರುಗಿಸುತ್ತದೆ. ಸ್ಪರ್ಶದ ಪದರಕ್ಕೆ ಆ ಸುದ್ದಿಯೇ ತಲುಪುವುದಿಲ್ಲ. ಮೇಲೆ ಮುಟ್ಟಿದರೆ ಪಕ್ಕದಲ್ಲೇನೋ ತೆರೆದುಕೊಳ್ಳುತ್ತದೆ. ಹಿರಿಯರು ಯಂತ್ರವನ್ನು ದೂರುವುದಿಲ್ಲ, ತಮ್ಮ ನಡುಗುವ ಬೆರಳನ್ನು ಶಂಕಿಸುತ್ತಾರೆ. ಮತ್ತೆ ಮುಟ್ಟಲು ಹಿಂಜರಿಯುತ್ತಾರೆ. ನಮಗೆ ದೊಡ್ಡ ನಷ್ಟವೆನಿಸುವುದು ಇದು.

ಪರಿಹಾರ ಕಠಿನವಲ್ಲ. ಎಕ್ಸ್‌ಇನ್‌ಪುಟ್ ಆಜ್ಞೆಯ ಮೂಲಕ ಸ್ಪರ್ಶಸಾಧನಕ್ಕೆ ಒಂಬತ್ತು ಅಂಕಿಗಳ ಕೋಷ್ಟಕವೊಂದನ್ನು ಕೊಡಬೇಕು. ಚಿತ್ರವನ್ನು ಎಡಕ್ಕೆ ತಿರುಗಿಸಿದ್ದರೆ 0 -1 1 1 0 0 0 0 1. ಬಲಕ್ಕಾದರೆ 0 1 0 -1 0 1 0 0 1. ತಲೆಕೆಳಗಾದರೆ -1 0 1 0 -1 1 0 0 1. ಆದರೆ ಈ ಹೊಂದಾಣಿಕೆ ಯಂತ್ರ ಮತ್ತೆ ಚಾಲೂ ಆದಾಗ ಅಳಿಸಿಹೋಗುತ್ತದೆ. ಪರದೆ ಸದಾ ಒಂದೇ ದಿಕ್ಕಿನಲ್ಲಿ ನಿಲ್ಲುವುದಾದರೆ, ಲಿಬ್‌ಇನ್‌ಪುಟ್ ಓದಿಕೊಳ್ಳುವ ಮೊದಲ ಆರು ಅಂಕಿಗಳನ್ನು ಯೂಡೆವ್ ನಿಯಮದಲ್ಲಿ ಬರೆದಿಟ್ಟು ಶಾಶ್ವತಗೊಳಿಸಬಹುದು. ವೇಲ್ಯಾಂಡ್ ಆಧಾರಿತ ಗ್ನೋಮ್, ಕೆಡಿಇಗಳಲ್ಲಿ ಪರದೆಯೊಡನೆ ಸ್ಪರ್ಶವನ್ನೂ ತಿರುಗಿಸುವ ಹೊಣೆ ಆ ವ್ಯವಸ್ಥೆಯದೇ. ಅದೇ ಸರಿಯಾದ ಕ್ರಮವೆಂದು ನಮ್ಮ ಅಭಿಮತ. ಓದಲು ಕುಳಿತವರಿಂದ ಗಣಿತವನ್ನು ನಿರೀಕ್ಷಿಸಬಾರದು.

ಬಲ್ಲವರು ಆಜ್ಞೆಯ ಸಾಲು ಬರೆದುಕೊಳ್ಳಲಿ, ಅದರಿಂದಲೇ ಕಲಿಕೆ ಎನ್ನುವವರುಂಟು. ಕಲಿಯುವ ಆಸಕ್ತಿ ಇರುವವರಿಗೆ ಆ ಮಾತು ಒಪ್ಪುತ್ತದೆ. ಎಂಬತ್ತರ ಅಜ್ಜಿಗೆ ಬೇಕಾದದ್ದು ಕಾದಂಬರಿಯ ಮುಂದಿನ ಪುಟ.

ಆದ್ದರಿಂದ ನಮ್ಮ ಬಳಗದವರಲ್ಲಿ ಎರಡು ವಿನಂತಿ. ಈ ಅಂಕಿಗಳನ್ನೂ ಅವುಗಳ ಅರ್ಥವನ್ನೂ ಸರಳ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸೋಣ. ಯಾರಿಗಾದರೂ ಯಂತ್ರ ಸಿದ್ಧಪಡಿಸಿ ಕೊಡುವಾಗ, ಅದನ್ನೊಮ್ಮೆ ಆರಿಸಿ ಹೊತ್ತಿಸಿ, ಪರದೆಯ ನಾಲ್ಕೂ ಮೂಲೆಗಳನ್ನು ಮುಟ್ಟಿ ನೋಡಿದ ಬಳಿಕವೇ ಅವರ ಕೈಗಿಡೋಣ.