ಶಾಲಾ ಚುನಾವಣೆಯ ಭಾಷಣ: ಮಾತು ಯಾರದು?

ಪ್ರಜಾಪ್ರಭುತ್ವದ ಶಿಕ್ಷಣವು ಪೌರನೀತಿಯ ಪಠ್ಯಪುಸ್ತಕದಿಂದ ಆರಂಭವಾಗುತ್ತದೆಂಬ ನಂಬಿಕೆ ಶಿಕ್ಷಣಕ್ಷೇತ್ರದಲ್ಲಿ ಬಲವಾಗಿ ಬೇರೂರಿದೆ. ವಾಸ್ತವವಾಗಿ ಬಹುಪಾಲು ಮಕ್ಕಳಿಗೆ ಆ ಶಿಕ್ಷಣದ ಮೊದಲ ಪಾಠ ದೊರೆಯುವುದು ಶಾಲಾ ವರ್ಷದ ಆದಿಭಾಗದಲ್ಲಿ, ಪ್ರಾರ್ಥನಾ ಮೈದಾನದಲ್ಲಿ. ಶಾಲಾ ಸಂಸತ್ತಿನ ಚುನಾವಣೆಗೆ ನಿಂತ ಸಹಪಾಠಿಯೊಬ್ಬನೋ ಒಬ್ಬಳೋ ಧ್ವನಿವರ್ಧಕದ ಮುಂದೆ ಬಂದು ಎರಡು ನಿಮಿಷ ಮಾತನಾಡುವ ಸಂದರ್ಭವದು. ಆ ಎರಡು ನಿಮಿಷಗಳ ಮಾತು ನಿಜಕ್ಕೂ ಯಾರದು ಎಂಬ ಪ್ರಶ್ನೆಯನ್ನು ಶಾಲೆಗಳು ಗಂಭೀರವಾಗಿ ಕೇಳಿಕೊಂಡಂತೆ ಕಾಣುವುದಿಲ್ಲ.

ಮತದಾನದ ಬಗೆಗಾದರೋ ಈಚೆಗೆ ಬಹಳ ಆಸಕ್ತಿ ಮೂಡಿದೆ. ಮೊಬೈಲು ಫೋನಿನಲ್ಲಿಯೇ ಮತಯಂತ್ರದ ಅನುಕರಣೆಯನ್ನು ಸಜ್ಜುಗೊಳಿಸಿ, ಗುಂಡಿ ಒತ್ತಿದೊಡನೆ ಸದ್ದಾಗುವಂತೆ ಮಾಡಿ, ಬೆರಳಿಗೆ ಶಾಯಿಯನ್ನೂ ಹಚ್ಚುತ್ತಾರೆ. ಪೀಣ್ಯದ ಮಕ್ಕಳಿಗೆ ಇದರಲ್ಲಿ ವಿಶೇಷ ಹೆಮ್ಮೆಯೂ ಇರಬಹುದು. ದೇಶದ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದಾದ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಸ್ಥಾಪನೆಯಾದುದು ನೆರೆಯ ಜಾಲಹಳ್ಳಿಯಲ್ಲಿಯೇ. ಆ ಯಂತ್ರದ ಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದನ್ನು ಮೊದಲು ಬಳಸಿದಾಗ ಅದಕ್ಕೆ ಶಾಸನದ ಆಧಾರವಿರಲಿಲ್ಲ. 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಬಳಕೆಯನ್ನು ಒಪ್ಪಲಿಲ್ಲ. ಕಾಯಿದೆಗೆ ತಿದ್ದುಪಡಿಯಾದುದು 1988ರಲ್ಲಿ. ಯಂತ್ರ ಮುಂದೆ, ನಿಯಮ ಹಿಂದೆ. ಶಾಲೆಗಳ ಸ್ಥಿತಿಯೂ ಇಂದು ಹಾಗೆಯೇ ಇದೆ. ಗುಂಡಿಯ ಸದ್ದಿಗೆ ದೊರೆತ ಗಮನ ಅದಕ್ಕೆ ಮೊದಲು ಆಡಬೇಕಾದ ಮಾತಿಗೆ ದೊರೆತಿಲ್ಲ.

ಭಾಷಣವನ್ನು ಬರೆಯುವವರಾರು? ಹಿಂದೆ ಅದು ಕನ್ನಡ ಪಂಡಿತರ ಅಥವಾ ಓದುಬರಹ ಬಲ್ಲ ಸೋದರಮಾವನ ಕೆಲಸವಾಗಿತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಸೋದರಮಾವನ ಅಗತ್ಯವೂ ತಪ್ಪಿದೆ. ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ಮನೆಯಲ್ಲೊಂದು ಕಂಪ್ಯೂಟರಿರುವ ಮಗುವಿಗೆ ನಿರ್ದುಷ್ಟವಾದ ಭಾಷಣವೊಂದು ಅರೆನಿಮಿಷದಲ್ಲಿ ಸಿದ್ಧವಾಗುತ್ತದೆ. ಅದರಲ್ಲಿ ವ್ಯಾಕರಣದೋಷವಿರುವುದಿಲ್ಲ, ಆ ಶಾಲೆಯೂ ಇರುವುದಿಲ್ಲ. ಶಿಸ್ತು, ಸ್ವಚ್ಛತೆ, ಐಕ್ಯ, ಉಜ್ವಲ ಭವಿಷ್ಯ ಎಂಬ ಪದಗಳು ಯಾವ ಊರಿನ ಯಾವ ಶಾಲೆಗಾದರೂ ಸಲ್ಲುತ್ತವೆ. ಒಂದೇ ಭಾಷಣವನ್ನು ಮೂವರು ಅಭ್ಯರ್ಥಿಗಳು ಓದಿದರೆ ಮತದಾರನು ಆರಿಸುವುದಾದರೂ ಏನನ್ನು? ಕೊನೆಗೆ ಚಾಕೊಲೇಟು ಹಂಚಿದವನು ಗೆಲ್ಲುತ್ತಾನೆ. ಹಿರಿಯರು ಮಕ್ಕಳ ಅವಿವೇಕಕ್ಕಾಗಿ ಮರುಗುತ್ತಾರೆ.

ಭಾಷೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಪೀಣ್ಯ, ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿಗಳ ವಠಾರಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಕೆಲಸವನ್ನರಸಿ ಬಂದ ಕುಟುಂಬಗಳಿವೆ. ಬಿಹಾರ, ಒಡಿಶಾಗಳಿಂದ ಬಂದವರೂ ಇದ್ದಾರೆ. ಗಾರ್ಮೆಂಟ್ಸಿಗೆ ಹೋಗುವ ತಾಯಿ, ಲೇತ್ ಯಂತ್ರದ ಮುಂದೆ ಪಾಳಿಯಲ್ಲಿ ನಿಲ್ಲುವ ತಂದೆ ಭಾಷಣ ಬರೆದುಕೊಡಲಾರರು. ಇಂಥ ಮನೆಯ ಹುಡುಗಿಯೊಬ್ಬಳು ಚುನಾವಣೆಗೆ ನಿಂತು, ‘ನಳದಾಗ ನೀರ ಬರಂಗಿಲ್ಲ’ ಎಂದು ತನ್ನ ಮನೆಯ ಮಾತಿನಲ್ಲಿ ಬರೆದು ತಂದಳೆಂದು ಭಾವಿಸೋಣ. ಉಪಾಧ್ಯಾಯರು ಸದುದ್ದೇಶದಿಂದಲೇ ಅದನ್ನು ‘ಶಾಲೆಯಲ್ಲಿ ಜಲಸಂಪನ್ಮೂಲದ ಕೊರತೆಯನ್ನು ನೀಗಿಸಲು ಶ್ರಮಿಸುವೆನು’ ಎಂದು ತಿದ್ದಿಕೊಡುತ್ತಾರೆ. ತಿದ್ದುಪಡಿಯಲ್ಲಿ ನಲ್ಲಿ ಮಾಯವಾಯಿತು, ಹುಡುಗಿಯೂ ಮಾಯವಾದಳು. ಶಿಷ್ಟಭಾಷೆಯನ್ನು ಕಲಿಸುವುದು ಶಾಲೆಯ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಪ್ರಬಂಧದ ತರಗತಿ ಇದೆ. ಮತ ಕೇಳುವ ಮಗು ಮಾತನಾಡಬೇಕಾದುದು ಮತದಾರರೊಡನೆ, ಪರೀಕ್ಷಕರೊಡನೆ ಅಲ್ಲ. ಒಡಿಯಾ ಮನೆಮಾತಿನ ಬಾಲಕನೊಬ್ಬ ತೊದಲುತ್ತ ಆಡುವ ನಾಲ್ಕು ಕನ್ನಡ ವಾಕ್ಯಗಳು ಅವನದೇ ಆಗಿದ್ದರೆ, ಕಂಠಪಾಠದ ನಾಲ್ವತ್ತು ವಾಕ್ಯಗಳಿಗಿಂತ ಅವು ಹೆಚ್ಚು ಬೆಲೆಯುಳ್ಳವು.

ಶಾಲಾ ನಾಯಕನಿಗೆ ಯಾವ ಅಧಿಕಾರವೂ ಇಲ್ಲವಾದ್ದರಿಂದ ಅವನ ಭಾಷಣ ಕೇವಲ ಅಲಂಕಾರವೆಂದು ಕೆಲವರು ಹೇಳುವುದುಂಟು. ಈ ಆಕ್ಷೇಪಕ್ಕೆ ಮೈಸೂರು ಸಂಸ್ಥಾನದ ಚರಿತ್ರೆಯೇ ಉತ್ತರ ಕೊಡಬಲ್ಲದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದಾಗ ಬಂದಿದ್ದ 144 ಪ್ರತಿನಿಧಿಗಳಿಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಸದಸ್ಯರನ್ನು ಚುನಾಯಿಸುವ ಕ್ರಮ ಬಂದುದೂ 1891ರಲ್ಲಿ. ತಮ್ಮ ಸೀಮೆಯ ಅಹವಾಲನ್ನು ದಿವಾನರ ಮುಂದಿಟ್ಟು ಉತ್ತರವನ್ನು ಕೇಳಿಕೊಂಡು ಹೋಗುವುದಷ್ಟೇ ಅವರ ಕೆಲಸ. ಅಧಿಕಾರವಿಲ್ಲದ ಪ್ರತಿನಿಧಿಗೆ ಇರುವ ಒಂದೇ ಆಯುಧವೆಂದರೆ ಖಚಿತವಾದ ಮಾತು. ಯಾವ ಕೆರೆ, ಯಾವ ರಸ್ತೆ, ಎಷ್ಟು ಕಂದಾಯ ಎಂದು ಹೇಳಬಲ್ಲವನ ಅಹವಾಲಿಗೆ ತೂಕವಿರುತ್ತದೆ. ಶಾಲಾ ನಾಯಕನೂ ಇದೇ ಬಗೆಯ ಪ್ರತಿನಿಧಿ.

ಆದುದರಿಂದ ಭಾಷಣದ ಸಿದ್ಧತೆ ಕಾಗದದ ಮೇಲಲ್ಲ, ಶಾಲೆಯ ಅಂಗಳದಲ್ಲಿ ಆರಂಭವಾಗಬೇಕು. ಅಭ್ಯರ್ಥಿಯು ಎರಡು ದಿನ ಸುಮ್ಮನೆ ತಿರುಗಾಡಿ ನೋಡಲಿ. ಮಧ್ಯಾಹ್ನದ ಬಿಸಿಯೂಟದ ಸಾಲಿನಲ್ಲಿ ಕೊನೆಯ ಮಗುವಿಗೆ ತಟ್ಟೆ ಸೇರುವಾಗ ಗಂಟೆ ಎಷ್ಟಾಗಿರುತ್ತದೆ? ಕೈತೊಳೆಯಲು ಎಷ್ಟು ನಲ್ಲಿಗಳಿವೆ, ಎಷ್ಟರಲ್ಲಿ ನೀರು ಬರುತ್ತದೆ? ಗ್ರಂಥಾಲಯದ ಬೀರುವಿನ ಬೀಗದ ಕೈ ಯಾರ ಬಳಿ ಇದೆ? ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿದೆಯೆ? ಐದನೆಯ ತರಗತಿಯ ಮಕ್ಕಳನ್ನು ಕೇಳಿದರೆ ದೊಡ್ಡವರಿಗೆ ತೋರದ ಎಷ್ಟೋ ಸಂಗತಿಗಳು ತಿಳಿಯುತ್ತವೆ. ಇವುಗಳಲ್ಲಿ ಎರಡನ್ನು, ಹೆಚ್ಚೆಂದರೆ ಮೂರನ್ನು ಆರಿಸಿಕೊಂಡು, ತಾನು ಮಾಡಬಲ್ಲದ್ದು ಯಾವುದು, ಮುಖ್ಯೋಪಾಧ್ಯಾಯರಲ್ಲಿ ಕೇಳಬಲ್ಲದ್ದು ಯಾವುದು ಎಂದು ವಿಂಗಡಿಸಿ ಹೇಳಿದರೆ ಭಾಷಣ ಮುಗಿಯಿತು. ಈಜುಕೊಳವನ್ನು ಕಟ್ಟಿಸುವ ಆಶ್ವಾಸನೆ ಬೇಡ. ಚಿಕ್ಕ ಮಕ್ಕಳಿಗೆ ಮೊದಲು ಊಟ ಬಡಿಸುವಂತೆ ಸಾಲನ್ನು ಬದಲಿಸುವೆನೆಂಬ ಆಶ್ವಾಸನೆ ಸಾಕು. ಅದನ್ನು ಮರುದಿನವೇ ಪರೀಕ್ಷಿಸಬಹುದು.

ಎರಡು ನಿಮಿಷಗಳಲ್ಲಿ ಮಗುವೊಂದು ಎಡವದೆ ಆಡಬಹುದಾದುದು ನೂರೈವತ್ತು ಪದಗಳಿಗೆ ಹೆಚ್ಚಿಲ್ಲ. ವೇದಿಕೆಯನ್ನಲಂಕರಿಸಿದ ಪೂಜ್ಯರು, ಗಣ್ಯರು, ಗುರುವೃಂದ ಎಂಬ ಸಂಬೋಧನೆಯಲ್ಲಿಯೇ ಅದರ ಕಾಲುಭಾಗ ವ್ಯಯವಾಗುತ್ತದೆ. ಒಂದು ನಮಸ್ಕಾರದಲ್ಲಿ ಎಲ್ಲರಿಗೂ ಗೌರವ ಸಲ್ಲಿಸಬಹುದು. ಮೊದಲ ವಾಕ್ಯವನ್ನೂ ಕಡೆಯ ವಾಕ್ಯವನ್ನೂ ಬಾಯಿಪಾಠ ಮಾಡಿ, ನಡುವಿನದಕ್ಕೆ ಅಂಗೈಯಗಲದ ಚೀಟಿಯಲ್ಲಿ ನಾಲ್ಕು ಪದಗಳನ್ನು ಗುರುತು ಹಾಕಿಕೊಂಡರೆ ಸಾಕು. ಎಲ್ಲವನ್ನೂ ಕಂಠಪಾಠ ಮಾಡಿದವರು ಒಂದು ಪದ ಮರೆತರೆ ಅಲ್ಲಿಯೇ ನಿಂತುಬಿಡುತ್ತಾರೆ. ತುಮಕೂರು ರಸ್ತೆಯ ಲಾರಿಗಳ ಸದ್ದಿನ ನಡುವೆ ಕೂಗಿದವರ ಮಾತು ಕೇಳಿಸುವುದಿಲ್ಲ. ಲಾರಿ ಹೋಗುವವರೆಗೆ ತಡೆದು ಕೊನೆಯ ಸಾಲಿನವರನ್ನು ನೋಡುತ್ತ ನಿಧಾನವಾಗಿ ಆಡಿದವರದು ಕೇಳಿಸುತ್ತದೆ. ಕೈ ನಡುಗಿದರೆ ನಡುಗಲಿ. ಅದಕ್ಕಾಗಿ ಯಾವ ಮಗುವೂ ಸಹಪಾಠಿಗೆ ಮತ ನಿರಾಕರಿಸುವುದಿಲ್ಲ.

ಉಳಿದಿರುವುದು ಉಪಾಧ್ಯಾಯರ ಅಂಜಿಕೆ. ನಲ್ಲಿಯ ಮಾತು, ಚಿಲಕದ ಮಾತು ಎತ್ತಿದರೆ ಆಡಳಿತ ಮಂಡಳಿಗೆ ಮುಜುಗರವಾದೀತೆಂದು ಭಾಷಣವನ್ನು ಮುಂದಾಗಿ ತರಿಸಿಕೊಂಡು ‘ಪರಿಷ್ಕರಿಸುವ’ ಪದ್ಧತಿ ಅನೇಕ ಕಡೆ ಇದೆ. ಅಂಕಗಳು ಕಡಿಮೆಯೆಂದು ನಾಮಪತ್ರವನ್ನೇ ತಿರಸ್ಕರಿಸುವುದೂ ಉಂಟು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ನೀಡಿದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲಿಯೇ ಸೇರಿದೆ. ನಿಂದೆ, ಅಶ್ಲೀಲ, ಜಾತಿಯ ಹೀಯಾಳಿಕೆ ಇವನ್ನು ತಡೆಯುವ ಅಧಿಕಾರ ಉಪಾಧ್ಯಾಯರಿಗೆ ಇರಲೇಬೇಕು. ದೂರನ್ನು ತಡೆಯುವ ಅಧಿಕಾರ ಬೇರೆ.

ಗೆದ್ದವರ ಭಾಷಣದ ಪ್ರತಿಯನ್ನು, ಅವರ ಕೈಬರಹದಲ್ಲಿಯೇ, ಕಾಗುಣಿತದ ತಪ್ಪುಗಳ ಸಮೇತ, ಸೂಚನಾಫಲಕದಲ್ಲಿ ವರ್ಷವಿಡೀ ತೂಗುಹಾಕಬಹುದು. ದಸರಾ ರಜೆ ಕಳೆದ ಮೇಲೆ ಒಂದು ಪ್ರಾರ್ಥನಾಸಭೆಯಲ್ಲಿ ನಾಯಕನು ಅದರ ಮುಂದೆ ನಿಂತು ಆದುದೇನು, ಆಗದುದೇನು ಎಂದು ಹೇಳಲಿ; ಆಗದುದಕ್ಕೆ ಕಾರಣವನ್ನು ಅದೇ ಸಭೆಯಲ್ಲಿ ಮುಖ್ಯೋಪಾಧ್ಯಾಯರು ತಿಳಿಸಲಿ. ಸೋತ ಅಭ್ಯರ್ಥಿಗಳಿಗೂ ಅಂದು ಪ್ರಶ್ನೆ ಕೇಳಲು ಐದು ನಿಮಿಷಗಳಿರಲಿ.