ಅಟ್ಟದ ಮೇಲಿನ ಚಂದಮಾಮ

ಬಾಗಲವಾಡದ ಕಡೆಯ ಗೃಹಸ್ಥರೊಬ್ಬರು ಈಚೆಗೆ ಒಂದು ಪ್ರಶ್ನೆಯನ್ನು ಮುಂದಿಟ್ಟರು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವರ ಮಗನು ಮೊಬೈಲಿನಲ್ಲಿ ಹುಡುಕಿ, ಚೌಕಾಶಿ ಮಾಡಿ, ಹಳೆಯ ‘ಚಂದಮಾಮ’ ಸಂಚಿಕೆಗಳನ್ನೂ ಚಿತ್ರಕಥೆಯ ಪುಸ್ತಕಗಳನ್ನೂ ಸಾವಿರಾರು ರೂಪಾಯಿ ತೆತ್ತು ತರಿಸಿಕೊಂಡಿದ್ದಾನೆ. ಅಂಥವೇ ಪುಸ್ತಕಗಳ ಕಟ್ಟೊಂದು ಅವರ ಮನೆಯ ಅಟ್ಟದ ಮೇಲಿತ್ತು. ಮನೆಗೆ ಸುಣ್ಣ ಬಳಿಸುವಾಗ ಅದನ್ನು ರದ್ದಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಟ್ಟಿದ್ದರು. “ಇದು ಹವ್ಯಾಸವೋ, ಹುಚ್ಚೋ? ನೀವೇ ಹೇಳಿರಿ, ಶಾಸ್ತ್ರಿಗಳೇ” ಎಂದು ಅವರು ಕೇಳಿದರು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಎಲ್ಲರಿಗೂ ತಿಳಿದುದೇ. ಮನೆಯಲ್ಲಿದ್ದಾಗ ಕಸವಾಗಿದ್ದುದು ಪೇಟೆಯಲ್ಲಿ ಕಂಡಾಗ ಕಸವರವಾಗುತ್ತದೆ. ಆದ್ದರಿಂದ ಹುಚ್ಚೋ ಹವ್ಯಾಸವೋ ಎಂಬುದಕ್ಕಿಂತ ಮೊದಲು, ನಾವು ಕಳೆದುಕೊಳ್ಳುತ್ತಿರುವುದು ಏನನ್ನು ಎಂಬುದನ್ನು ತಿಳಿಯುವುದು ಒಳಿತು.

ನಮ್ಮ ರಾಯಚೂರು ಸೀಮೆಯು 1948ರ ಸೆಪ್ಟೆಂಬರ್ ತಿಂಗಳವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ವಿದ್ಯೆಯೂ ಉರ್ದುವಿನಲ್ಲಿಯೇ. ಮದರಾಸಿನಲ್ಲಿ ಬಿ. ನಾಗಿರೆಡ್ಡಿ ಹಾಗೂ ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ್ದ ‘ಚಂದಮಾಮ’ವು ಕನ್ನಡದಲ್ಲಿ ಹೊರಬಂದುದು 1949ರಲ್ಲಿ. ಎಂದರೆ, ಈ ನಾಡಿನ ಮಕ್ಕಳಿಗೆ ಕನ್ನಡದ ಬಾಗಿಲು ತೆರೆಯುತ್ತಿದ್ದ ಕಾಲಕ್ಕೆ ಸರಿಯಾಗಿ ಅದು ಬಂದಿತು. ಎಂ. ಟಿ. ವಿ. ಆಚಾರ್ಯರು ಅದಕ್ಕಾಗಿ ಬರೆದ ಮಹಾಭಾರತದ ಮುಖಪುಟಗಳನ್ನೂ, ಹೆಗಲ ಮೇಲೆ ಹೆಣವನ್ನು ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರವನ್ನೂ ಕಂಡವರು ಮರೆತಿರಲಾರರು. ಈ ವಿಕ್ರಮ-ಬೇತಾಳರ ಚಿತ್ರವನ್ನು ಬರೆದ ಶಂಕರ್ ಅವರು 2020ರಲ್ಲಿ ತೀರಿಕೊಂಡರು. ಪತ್ರಿಕೆಯು ಅದಕ್ಕೂ ಮೊದಲೇ ನಿಂತುಹೋಗಿತ್ತು.

‘ಅಮರ ಚಿತ್ರ ಕಥೆ’ಯ ವೃತ್ತಾಂತವು ಇನ್ನೂ ಸ್ವಾರಸ್ಯವಾದುದು. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು (1929–2011) ಆ ಮಾಲೆಯನ್ನು ಭಾರತದ ಮನೆಮನೆಗೂ ಮುಟ್ಟಿಸಿದರೆಂಬುದು ಜನಜನಿತ. ಆದರೆ ಇಂಗ್ಲಿಷಿನಲ್ಲಿ ಅವರ ‘ಕೃಷ್ಣ’ ಎಂಬ ಪುಸ್ತಕಕ್ಕೆ 11ನೆಯ ಸಂಖ್ಯೆ ಏಕೆ ಬಂದಿತೆಂಬುದನ್ನು ಬಲ್ಲವರು ವಿರಳ. ಅದಕ್ಕೂ ಮೊದಲಿನ ಹತ್ತು ಪುಸ್ತಕಗಳು ಕನ್ನಡದವು! ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಅವು ಬೆಳಕು ಕಂಡವು. ಕಥೆಗಳೇನೋ ಸಿಂಡರೆಲ್ಲಾ, ಅಲ್ಲಾವುದ್ದೀನ್ ಮುಂತಾದ ಪರದೇಶದವು. ನುಡಿ ಮಾತ್ರ ಕನ್ನಡದ್ದು. ಅವು ಚೆನ್ನಾಗಿ ಮಾರಾಟವಾದುದರಿಂದಲೇ ಮುಂಬಯಿಯವರಿಗೆ ಮುಂದಡಿ ಇಡುವ ಧೈರ್ಯ ಬಂದಿತು. ಇಷ್ಟು ದೊಡ್ಡ ಮಾಲೆಯ ತಾಯಿಬೇರು ಕನ್ನಡದಲ್ಲಿದ್ದರೂ ಆ ಹತ್ತು ಪುಸ್ತಕಗಳು ಇಂದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಕಾರಣವೇನು? ಕನ್ನಡದ ಪ್ರತಿಗಳನ್ನು ಮಕ್ಕಳು ಓದಿ ಓದಿಯೇ ಸವೆಸಿದರು. ಅಣ್ಣನಿಂದ ತಮ್ಮನಿಗೆ, ನೆರೆಮನೆಗೆ, ತಾಯಿಯ ತವರಿಗೆ ಅವು ಕೈಯಿಂದ ಕೈಗೆ ಹೋದವು. ಉಳಿದವು ರದ್ದಿಗೆ ಸೇರಿದವು. ಅಮೆರಿಕದಲ್ಲಿಯೂ ಹೀಗೆಯೇ ಆಯಿತು. ಸೂಪರ್‌ಮ್ಯಾನನು ಮೊದಲು ಕಾಣಿಸಿಕೊಂಡ 1938ರ ಪುಸ್ತಕದ ಬೆಲೆ 10 ಸೆಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮನೆಮನೆಯ ಹಳೆಯ ಕಾಗದವನ್ನು ಒಟ್ಟುಗೂಡಿಸಿದಾಗ ಅಂಥ ಪುಸ್ತಕಗಳೂ ರಾಶಿ ರಾಶಿಯಾಗಿ ಹೋದವು. ಅಳಿದುಳಿದ ಒಂದು ಪ್ರತಿಯು 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ಪುಸ್ತಕಗಳಿಗೆ ಅಂಥ ಬೆಲೆ ಬರುವುದೆಂದು ಯಾರೂ ಕನಸು ಕಾಣಬೇಕಾಗಿಲ್ಲ. ಆದರೆ ಎಲ್ಲರೂ ಎಸೆದುದರಿಂದಲೇ ಉಳಿದುದಕ್ಕೆ ಬೆಲೆ ಬರುವುದೆಂಬ ನ್ಯಾಯವು ಎರಡೂ ಕಡೆಗೆ ಒಂದೇ.

ಸಂಗ್ರಹವೆಂಬುದು ಶ್ರೀಮಂತರ ವಿಲಾಸವೆಂದು ತಿಳಿಯಲಾಗದು. ಡಾ. ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಅರಸಿದ್ದು ಮನೆಮನೆಗಳಲ್ಲಿ, ಮಠಗಳಲ್ಲಿ. ಮುದ್ರಣಾಲಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು. ವಚನದ ಕಟ್ಟಿಗೂ ಮಕ್ಕಳ ಚಿತ್ರಪುಸ್ತಕಕ್ಕೂ ಸರಿಸಾಟಿ ಹೇಳುವುದು ನಮ್ಮ ಉದ್ದೇಶವಲ್ಲ. ಆದರೂ ಗೂಡಿನಲ್ಲಿದ್ದ ಕಟ್ಟನ್ನು ಬಿಚ್ಚಿ ನೋಡುವ ಕಣ್ಣು ಎರಡಕ್ಕೂ ಬೇಕು.

ಇನ್ನು ಅಗ್ಗದ ಬೇಟೆಯ ಮಾತು. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರದಂದು ಹಳೆಯ ಪುಸ್ತಕಗಳನ್ನು ರಸ್ತೆಯ ಬದಿಗೆ ಹರಡಿ ಮಾರುವುದನ್ನು ರಾಯಚೂರಿನ ಅನೇಕರು ಕಂಡಿದ್ದಾರೆ. ಅಲ್ಲಿ ಪುಸ್ತಕವನ್ನು ಕೈಯಲ್ಲಿ ಹಿಡಿದು, ಹಾಳೆ ಎಣಿಸಿ, ಬೆಲೆ ಇಳಿಸಬಹುದು. ವ್ಯಾಪಾರಿಗೆ ತನ್ನ ಸರಕು ಗೊತ್ತು. ಅಲ್ಲಿ ಚೌಕಾಶಿ ತಪ್ಪಲ್ಲ. ಆದರೆ ಈಗ ಕೆಲವರು ಹಳ್ಳಿಗಳ ಹಳೆಯ ಮನೆಗಳನ್ನು ಹುಡುಕಿಕೊಂಡು ಬಂದು, ಓದುಬರಹ ಬಾರದ ಅಜ್ಜಿಯ ಕೈಗೆ ನೂರು ರೂಪಾಯಿ ಇಟ್ಟು, ಇಡೀ ಕಟ್ಟನ್ನೇ ಒಯ್ದು, ಅಂತರಜಾಲದಲ್ಲಿ ಬಿಡಿಬಿಡಿಯಾಗಿ ಮಾರುವುದುಂಟು. ಇದು ಜಾಣತನವಲ್ಲ, ಒಬ್ಬರ ಅರಿಯಮಿಯನ್ನು ದುಡ್ಡು ಮಾಡಿಕೊಳ್ಳುವ ಬಗೆ. ಬೆಲೆ ಬಲ್ಲವನು ಬೆಲೆ ಅರಿಯದವರಿಗೆ ಮೊದಲು ಅದನ್ನು ತಿಳಿಸಿ, ಬಳಿಕ ಕೊಳ್ಳಲಿ. ಕಾಯಕವು ಸತ್ಯಶುದ್ಧವಾಗಿರಬೇಕೆಂದು ನಂಬಿದವರ ಮನೆಯ ಮಕ್ಕಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಮೊಬೈಲಿನಲ್ಲಿ ಕೊಳ್ಳುವ ತರುಣರಿಗೆ ಕೆಲವು ಎಚ್ಚರಿಕೆಗಳು: ಮುಖಪುಟವೊಂದನ್ನೇ ನೋಡಿ ಹಣ ಕಳುಹಿಸಬೇಡಿರಿ. ಒಳಪುಟ, ನಡುವಿನ ಪಿನ್ನು, ಹಿಂಬದಿಯ ಹೊದಿಕೆ ಇವುಗಳ ಛಾಯಾಚಿತ್ರ ಕೇಳಿರಿ. ಚಂದಮಾಮದ ಮೇಲೆ ತಿಂಗಳು, ವರ್ಷ ಇರುತ್ತವೆ. ಅಮರ ಚಿತ್ರ ಕಥೆಯ ಒಂದೇ ಪುಸ್ತಕವು ಅನೇಕ ಸಲ ಅಚ್ಚಾಗಿರುವುದರಿಂದ ಹಳೆಯದಾಗಿ ಕಂಡುದೆಲ್ಲ ಮೊದಲ ಮುದ್ರಣವಲ್ಲ. ಹೊದಿಕೆಯಲ್ಲಿ ಅಚ್ಚಾದ ಬೆಲೆಯೂ, ಅಲ್ಲಿ ಕೊಟ್ಟಿರುವ ಪುಸ್ತಕಗಳ ಪಟ್ಟಿಯ ಕೊನೆಯ ಹೆಸರೂ ಕಾಲವನ್ನು ಊಹಿಸಲು ನೆರವಾಗುತ್ತವೆ. ನೀವು ಮಾರುವವರಾದರೆ, ಹಣ ಪಡೆಯಲು ಪಿನ್ ಸಂಖ್ಯೆ ಒತ್ತಬೇಕಾಗಿಲ್ಲವೆಂಬುದನ್ನು ನೆನಪಿಡಿರಿ. ಒತ್ತಲು ಹೇಳಿದವನು ವಂಚಕನೇ ಸರಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸರಕಿನ ದೋಷದ ದೂರಿಗೆ ಗ್ರಾಹಕರ ಸಹಾಯವಾಣಿ 1915.

ಮನೆಯಲ್ಲಿರುವುದನ್ನು ಕಾಪಾಡುವುದು ಕಷ್ಟವಲ್ಲ. ಅಗ್ಗದ ಕಾಗದವು ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ. ನಮ್ಮ ಸೀಮೆಯ ಬಿಸಿಲಂತೂ ಕೇಳುವುದೇ ಬೇಡ. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿರಿ. ಅದರ ಅಂಟು ಕಾಲಾಂತರದಲ್ಲಿ ಕಾಗದವನ್ನೇ ತಿನ್ನುತ್ತದೆ. ಶುಭ್ರವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ತಗಡಿನ ಟ್ರಂಕಿನಲ್ಲಿ ಮಲಗಿಸಿ, ಒಣಗಿದ ಬೇವಿನೆಲೆ ಹಾಕಿ, ನೆಲಕ್ಕೂ ಗೋಡೆಗೂ ತಾಗದಂತೆ ಇಟ್ಟರೆ ಸಾಕು. ಆಗಾಗ ತೆರೆದು ಗೆದ್ದಲು ನೋಡಿರಿ. ಇಟ್ಟುಕೊಳ್ಳಲು ಮನಸ್ಸಿಲ್ಲದವರು ಊರಿನ ಗ್ರಂಥಾಲಯಕ್ಕೋ ಶಾಲೆಗೋ ಒಪ್ಪಿಸಲಿ. ಜ್ಞಾನದ ದಾಸೋಹವೂ ದಾಸೋಹವೇ.

ಆ ಗೃಹಸ್ಥರಿಗೆ ನಾವು ಹೇಳಿದ ಉತ್ತರವಿಷ್ಟೇ: ಮಗನು ಹಣ ಕೊಟ್ಟುದು ಕಾಗದಕ್ಕಲ್ಲ, ತನ್ನ ಬಾಲ್ಯದ ಕನ್ನಡಕ್ಕೆ. ಅದರಲ್ಲಿ ಹುಚ್ಚಿಲ್ಲ, ಮಿತಿಯಿರಲಿ. ಓದುಗ ಬಂಧುಗಳೇ, ಈ ಸಲ ಸುಣ್ಣ ಬಳಿಸುವ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಿರಿ. ಸಿಕ್ಕ ಪುಸ್ತಕವನ್ನು ಮಾರುವ ಮಾತು ಬಳಿಕ ಆಗಲಿ. ಮೊದಲು ಮೊಮ್ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಅದರಲ್ಲಿಯ ಒಂದು ಕಥೆಯನ್ನು ಓದಿ ಹೇಳಿರಿ.